ಕಂಬದ ತುದಿಯಲ್ಲಿ ಸೊಲ್ಲಾಪುರಿ ಚಾದರ

ನೀವು ನಂಬುವುದಿಲ್ಲ. ಪರವಾಗಿಲ್ಲ, ನಮ್ಮ ವರ್ಗದವರೂ ನಂಬಲಿಲ್ಲ. ಅವರಂತೂ ನನ್ನ ಮೇಲುತುಟಿಯನ್ನು ಕಣ್ಣಾರೆ ನೋಡಿದವರು. ಆ ವಾರವೆಲ್ಲ ತುಟಿ ಬದನೆಕಾಯಿಯ ಹಾಗೆ ಊದಿ ಮುಂದೆ ಮುಂದೆ ಹೋಗುತ್ತಿತ್ತು, ನಾನು ಅದರ ಹಿಂದೆ ಹಿಂದೆ ಶಾಲೆಗೆ ಹೋಗುತ್ತಿದ್ದೆ. ಆದರೂ ಒಬ್ಬಳೂ ನಂಬಲಿಲ್ಲ.

ಮೊದಲು ಕಂಬದ ಎತ್ತರ ಹೇಳಿಬಿಡುತ್ತೇನೆ. ಅರವತ್ತು ಅಡಿ. ಮಾಮಾ ಇದನ್ನು ಓದಿದರೆ ಮೂವತ್ತೆರಡು ಅನ್ನುತ್ತಾನೆ, ಯಾಕೆಂದರೆ ಹಳೆಯ ಬೋರ್‌ವೆಲ್ ಪೈಪು ತಂದು ಅಳೆದು, ಹತ್ತುವ ಮೆಟ್ಟಿಲು ಸಮೇತ ವೆಲ್ಡಿಂಗ್ ಮಾಡಿಸಿದವನು ಅವನೇ. ಆದರೆ ಅವನು ಅಳೆದದ್ದು ಕಂಬ ನೆಲದ ಮೇಲೆ ಮಲಗಿದ್ದಾಗ. ನಾನು ಅಳೆದದ್ದು ಮೇಲಿನಿಂದ, ಕೆಳಗೆ ನೋಡುತ್ತ, ಕಿವಿಯ ಪಕ್ಕ ಕಡಜಗಳು ಗುಂಯ್ ಅನ್ನುತ್ತಿದ್ದಾಗ. ಯಾರ ಅಳತೆ ಖರೆ ಅಂತ ನೀವೇ ಹೇಳಿ.

ಮಾಮಾ ಅಂದರೆ ಅವ್ವನ ತಮ್ಮ. ಅಕ್ಕಲಕೋಟೆಯಲ್ಲಿ ಅವನಿಗೆ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿಕೊಡುವ ಅಂಗಡಿ ಇದೆ. ಮನೆ ಮಾತ್ರ ಊರ ಹೊರಗೆ, ಹೊಲದಲ್ಲಿ. ಅಲ್ಲಿ ಅವನು, ನಮ್ಮ ಅಜ್ಜಿ, ಒಂದು ಎಮ್ಮೆ. ಅಜ್ಜಿಯನ್ನು ನಾನು ಆಯಿ ಅನ್ನುತ್ತೇನೆ. ಆಯಿ ದಿನವೆಲ್ಲ ಎಮ್ಮೆಯ ಜೊತೆ ಮಾತಾಡುತ್ತಾಳೆ, ಮಾಮಾ ದಿನವೆಲ್ಲ ರೇಡಿಯೋದ ಜೊತೆ. ಎಮ್ಮೆಯೇ ಹೆಚ್ಚು ಉತ್ತರ ಕೊಡುತ್ತದೆ ಅಂತ ಆಯಿಯ ಅಭಿಪ್ರಾಯ.

ಮಾಮಾ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು. ಸರಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ತೆಗೆದುಕೊಂಡು, ಹೊಲದಲ್ಲಿ ತಂತಿ ಕಟ್ಟಿ, ಎಲ್ಲೆಲ್ಲಿಯೋ ಇರುವವರ ಜೊತೆ ಮಾತಾಡುವವನು. "ಫೋನ್ ಐತಲ್ಲೋ, ಅದರಾಗ ಮಾತಾಡೋ" ಅಂತ ಆಯಿ ಬೈದರೆ ಅವನ ಉತ್ತರ ಒಂದೇ: "ಫೋನಿನಾಗ ಯಾರು ಎತ್ತತಾರ ಅಂತ ಮೊದಲೇ ಗೊತ್ತಿರತದ ಅವ್ವಾ. ಇದರಾಗ ಗೊತ್ತಿರಂಗಿಲ್ಲ. ಅದಕ್ಕ ಮಜಾ."

ಹೋದ ವರ್ಷ ನಾನೂ ಆ ಪರೀಕ್ಷೆ ಪಾಸಾದೆ. ನನಗೂ ಗಾಳಿಯಲ್ಲಿ ಹೆಸರಿನ ಬದಲು ಹೇಳುವ ಒಂದು ಕರೆಗುರುತು ಬಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನು ಯಾರು ಅಂತ ದೇಶಕ್ಕೆಲ್ಲ ಗೊತ್ತಾಗುತ್ತದೆ, ಈಗಾಗಲೇ ಬೇಕಾದಷ್ಟು ಜನಕ್ಕೆ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಅನ್ನುವುದೇ ಈ ಕಥೆ.

ಅಪ್ಪ ಸೊಲ್ಲಾಪುರದ ಪೇಟೆಯಲ್ಲಿ ಚಾದರ ಮಾರುತ್ತಾರೆ. ವಿಜಾಪುರ ರಸ್ತೆಯ ನಮ್ಮ ಮನೆಯಲ್ಲಿ ಅವರು ನನ್ನ ರೇಡಿಯೋ ಹುಚ್ಚನ್ನು ಒಂದೇ ಷರತ್ತಿನ ಮೇಲೆ ಸಹಿಸಿಕೊಂಡಿದ್ದರು. ನನ್ನ ಫಾರ್ಮಿಗೆ ಸಹಿ ಮಾಡುವಾಗ ಪೆನ್ನು ಕಾಗದದ ಮೇಲೆ ಹಿಡಿದು ಹೇಳಿದ್ದರು: "ಮಾತು ಎಷ್ಟರ ಆಡು. ಕಂಬ ಹತ್ತಬಾರದು. ಹತ್ತಿದಿ ಅಂತ ನನಗ ಗೊತ್ತಾತು ಅಂದ್ರ, ಅವತ್ತಿಗೇ ಎಲ್ಲಾ ಬಂದ್."

"ಹೌದ್ರಿ ಅಪ್ಪಾ" ಅಂದಿದ್ದೆ. ಷರತ್ತಿನಲ್ಲಿ "ನನಗ ಗೊತ್ತಾತು ಅಂದ್ರ" ಅನ್ನುವ ಭಾಗವನ್ನು ಆಗಲೇ ಗುರುತು ಹಾಕಿಟ್ಟುಕೊಂಡಿದ್ದೆ.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದೆ ನಿಮಗೆ ತಿಳಿಯುವುದಿಲ್ಲ. ಹ್ಯಾಮ್‌ಗಳು ಮಾತು ಮುಗಿಸುವಾಗ ಸೆವೆಂಟಿ ಥ್ರೀ ಅನ್ನುತ್ತಾರೆ. ಎಪ್ಪತ್ತಮೂರು ಅಂದರೆ ಶುಭಾಶಯ. ಯಾಕೆ ಎಪ್ಪತ್ತಮೂರು ಅಂತ ಕೇಳಬೇಡಿ, ತಂತಿ ಟಪಾಲಿನ ಕಾಲದಿಂದ ಬಂದದ್ದಂತೆ. ಲೈಸೆನ್ಸ್ ಬಂದ ಹೊಸದರಲ್ಲಿ ನಾನು ಹಾಲಿನವನಿಗೂ, ರಿಕ್ಷಾದವನಿಗೂ, ಅಪ್ಪನ ಗಿರಾಕಿಗಳಿಗೂ ಸೆವೆಂಟಿ ಥ್ರೀ ಅಂದೆ. ಒಬ್ಬ ಗಿರಾಕಿ ಅದನ್ನು ಚಾದರದ ರೇಟು ಅಂತ ತಿಳಿದು ಹತ್ತು ಚಾದರ ಕಟ್ಟು ಅಂದ. ಅಂದಿನಿಂದ ಅಂಗಡಿಯಲ್ಲಿ ಆ ಸಂಖ್ಯೆ ಬಂದ್.

ಪ್ರತಿ ರವಿವಾರ ಬೆಳಗ್ಗೆ ಹತ್ತಕ್ಕೆ ಹ್ಯಾಮ್‌ಗಳ ಒಂದು ಬೈಠಕ್ ಇರುತ್ತದೆ, ಗಾಳಿಯಲ್ಲಿ. ಅದಕ್ಕೆ ನೆಟ್ ಅನ್ನುತ್ತಾರೆ. ಒಬ್ಬರು ಹಾಜರಿ ತೆಗೆದುಕೊಳ್ಳುತ್ತಾರೆ, ಉಳಿದವರು ತಮ್ಮ ಪಾಳಿ ಬಂದಾಗ ಮಾತ್ರ ಬಾಯಿ ತೆಗೆಯಬೇಕು. ಹಾಜರಿ ತೆಗೆಯುವವರಿಗೆ ನೆಟ್ ಕಂಟ್ರೋಲ್ ಅಂತ ಹೆಸರು. ದೊಡ್ಡ ದೊಡ್ಡ ಇಂಜಿನಿಯರುಗಳು, ನಿವೃತ್ತ ಸಾಹೇಬರು, ಎಲ್ಲರೂ ಅವರನ್ನು "ನೆಟ್ ಕಂಟ್ರೋಲ್, ಅಪ್ಪಣೆ ಇದೆಯೇ?" ಅಂತ ಕೇಳಿಯೇ ಮಾತಾಡಬೇಕು. ವರ್ಷಾನುಗಟ್ಟಲೆ ಇದನ್ನು ನಡೆಸಿದವರು ಮಂಗಳವೇಢೆಯ ಒಬ್ಬ ನಿವೃತ್ತ ಮಾಸ್ತರರು. ನಮ್ಮ ಅಂಗಡಿಯ ಹಳೆಯ ಗಿರಾಕಿ ಕೂಡ. ಅವರು ಒಂದು ರವಿವಾರ ಎಲ್ಲರೆದುರು ಘೋಷಿಸಿಬಿಟ್ಟರು: "ಮುಂದಿನ ವಾರ ನೆಟ್ ಅಕ್ಕಲಕೋಟೆಯಿಂದ ಈ ಹುಡುಗಿ ನಡಸತಾಳ."

ಹದಿನಾರು ವರ್ಷಕ್ಕೆ ನೆಟ್ ಕಂಟ್ರೋಲ್! ಇತಿಹಾಸದಲ್ಲೇ ಮೊದಲು ಅಂತ ನಾನು ವರ್ಗದಲ್ಲಿ ಹೇಳಿದೆ. ಯಾವ ಇತಿಹಾಸ ಅಂತ ಯಾರೂ ಕೇಳಲಿಲ್ಲ, ಒಳ್ಳೆಯದಾಯಿತು.

ಆದರೆ ಒಂದು ನಿಯಮವಿತ್ತು. ಹತ್ತು ಗಂಟೆ ಐದು ನಿಮಿಷದ ಒಳಗೆ ಕಂಟ್ರೋಲಿನ ದನಿ ಕೇಳದಿದ್ದರೆ ಬದಲಿಯವರು ನೆಟ್ ಎತ್ತಿಕೊಳ್ಳಬೇಕು. ಬದಲಿ ಯಾರು? ಭಂಡಾರಕವಠೆಯ ಒಬ್ಬ ಇಂಜಿನಿಯರಿಂಗ್ ಓದುವ ಹುಡುಗ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವನು, ಆದರೂ ನನ್ನನ್ನು ಕರೆಯುವುದು ಅಕ್ಕಾರ ಅಂತ, ಅದೂ ಎಲ್ಲರಿಗೆ ಕೇಳುವಂತೆ. "ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ನಿಮಗ ಆಗಲಿಲ್ಲಂದ್ರ ನಾ ಅದೀನಲ್ಲ" ಅಂದ. ಆ "ನಾ ಅದೀನಲ್ಲ" ನನ್ನ ಕಿವಿಯಲ್ಲಿ ಒಂದು ವಾರ ಗುಂಯ್ ಅಂದಿತು. ಆಮೇಲೆ ಗುಂಯ್ ಅನ್ನಲಿಕ್ಕೆ ಬೇರೆಯವು ಬಂದವು.

ಶನಿವಾರ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋದೆ. ರವಿವಾರ ಬೆಳಗ್ಗೆ ಎಂಟಕ್ಕೆ ಹಲ್ಲುಜ್ಜುತ್ತ ಹೊರಗೆ ಬಂದು ನೋಡಿದರೆ ನಮ್ಮ ಆಂಟೆನಾ ತೊಗರಿ ಗಿಡಗಳ ಮೇಲೆ ಮಲಗಿತ್ತು.

ಆಂಟೆನಾ ಅಂದರೆ ಬೇರೆ ಏನಲ್ಲ, ಉದ್ದನೆಯ ತಂತಿ. ಅದರ ನಡುವನ್ನು ಹಗ್ಗಕ್ಕೆ ಕಟ್ಟಿ, ಕಂಬದ ತುದಿಯ ಗಾಲಿಯ ಮೇಲಿಂದ ಎಳೆದರೆ, ಬಾವಿಯಿಂದ ಕೊಡ ಬಂದ ಹಾಗೆ ಮೇಲೆ ಹೋಗುತ್ತದೆ. ಎರಡೂ ತುದಿಗಳು ಆಚೆ ಈಚೆ ಇಳಿಬಿದ್ದು ಗುಡಾರದ ಹಾಗೆ ಕಾಣುತ್ತದೆ. ಹಗ್ಗ ಬಿಸಿಲಿಗೆ ಜೀರ್ಣವಾಗಿ ಹರಿದಿತ್ತು. ಹೊಸ ಹಗ್ಗವನ್ನು ಗಾಲಿಯಲ್ಲಿ ಪೋಣಿಸಲು ಯಾರಾದರೂ ತುದಿಗೆ ಹೋಗಲೇಬೇಕು. ತುದಿಯಲ್ಲಿ, ಗಾಲಿಯಿಂದ ಒಂದು ಗೇಣು ದೂರದಲ್ಲಿ, ಕಡಜದ ಗೂಡು.

ನಮ್ಮ ಕಡೆ ಅವಕ್ಕೆ ಮರಾಠಿಯಲ್ಲಿ ಗಾಂಧೀಲಮಾಶಿ ಅಂತಲೂ ಅನ್ನುತ್ತಾರೆ. ಒಂದೊಂದು ಖಾರೀಕಿನಷ್ಟು, ಅಂದರೆ ಒಣ ಖರ್ಜೂರದಷ್ಟು ದಪ್ಪ. ಸರಿ, ಬೀಜ ತೆಗೆದ ಖಾರೀಕು. ಎಷ್ಟಿದ್ದವು ಅಂತ ಕೇಳಿದರೆ ಸಾವಿರ ಅನ್ನುತ್ತೇನೆ.

ಅವನ್ನು ಓಡಿಸಲು ಮಾಮಾ ಹಿಂದಿನ ತಿಂಗಳೇ ಒಂದು ಪ್ರಯೋಗ ಮಾಡಿದ್ದ. ರೇಡಿಯೋ ಪೂರಾ ಜೋರಿಗಿಟ್ಟು ಮೂರು ದಿನ ಬಿಟ್ಟೂ ಬಿಡದೆ ಮಾತಾಡಿದ. "ಇಷ್ಟು ಪವರ್ ಕೊಟ್ರ ಹುಳಕ್ಕ ತಲಿ ತಿರಗತದ, ತಾವಾ ಹೋಗತಾವ" ಅನ್ನುವುದು ಅವನ ಶಾಸ್ತ್ರ. ಮೂರು ದಿನದಲ್ಲಿ ಒಬ್ಬ ಶ್ರೀಲಂಕಾದವನು, ಇಬ್ಬರು ರಶಿಯಾದವರು ಸಿಕ್ಕರು. ಕಡಜಗಳು ಗೂಡಿನ ಕೆಳಗೆ ಇನ್ನೊಂದು ಅಂತಸ್ತು ಕಟ್ಟಿಕೊಂಡವು.

"ಸಂಜೀಕ ಎಲ್ಲಾ ಗೂಡಿಗೆ ಬಂದಮ್ಯಾಲ ಹೊಗಿ ಹಾಕ್ರಿ, ಸುಮ್ಮ ಹೋಗತಾವ" ಅಂದಳು ಆಯಿ, ಕಿಟಕಿಯ ಬಳಿ ಕುಳಿತು ಶೇಂಗಾ ಕುಟ್ಟುತ್ತ.

"ಆಯಿ, ನೆಟ್ ಹತ್ತಕ್ಕ ಐತಿ!" ಅಂದೆ. ತುಟಿ ಆಗ ಚೆನ್ನಾಗಿಯೇ ಇತ್ತು, ಅದಕ್ಕೆ ಜೋರಾಗಿ ಅಂದೆ. "ಸಂಜೀತನಕ ಆ ಭಂಡಾರಕವಠೆಯಂವ ನನ್ನ ನೆಟ್ ನಡಸಿ, ಭಾಷಣಾ ಮಾಡಿ, ಉಂಡು ಮಲಗಿರತಾನ."

ಮಾಮಾ ನನ್ನ ಮುಖ ನೋಡಿದ. ಕಂಬ ನೋಡಿದ. "ನೀ ಹತ್ತಬ್ಯಾಡ. ಭಾವಾರು ನನ್ನ ಚರ್ಮಾ ಸುಲೀತಾರ. ನಾನೇ ಹೋಗತೀನಿ" ಅಂದ.

ಈಗ ಅವನ ವೇಷದ ಬಗ್ಗೆ. ಅಪ್ಪ ಪ್ರತಿ ದೀಪಾವಳಿಗೆ ಆಯಿಗೆ ಎರಡು ಚಾದರ ಕಳಿಸುತ್ತಾರೆ. ಅವು ಲೇಬಲ್ಲು ಸಮೇತ ಟ್ರಂಕಿನಲ್ಲಿ ಕೂತಿರುತ್ತವೆ. ಮಾಮಾ ಕೆಂಪು ಚಾದರವನ್ನು ಸೊಂಟದಿಂದ ಕೆಳಗೆ ಸುತ್ತಿಕೊಂಡ. ನೀಲಿ ಬಣ್ಣದ ನವಿಲಿನ ಚಾದರವನ್ನು ತಲೆಯ ಮೇಲಿಂದ ಹೊದ್ದ. ಅದರ ಒಳಗೆ ಹೆಲ್ಮೆಟ್. ಕೈಗೆ ಚಳಿಗಾಲದ ಕಾಲುಚೀಲ. ಬಿದ್ದರೆ ಹಿಡಿಯಲಿ ಅಂತ ಸೊಂಟಕ್ಕೆ ಇನ್ನೊಂದು ಹಗ್ಗ. ಎಮ್ಮೆ ಅವನನ್ನು ನೋಡಿ ಹಗ್ಗ ಕಿತ್ತುಕೊಂಡು ಗೋದಲಿಯ ಹಿಂದೆ ಹೋಗಿ ನಿಂತಿತು.

"ಒಂದು ಕೆಲಸಾ ಮಾಡು" ಅಂದಿತು ನವಿಲಿನ ಒಳಗಿನ ದನಿ. "ರೇಡಿಯೋ ಚಾಲೂ ಮಾಡಿ ಆವಾಜ ಪೂರಾ ಇಡು. ತಂತಿ ಮ್ಯಾಲ ಬಂದಂಗ ಸೊಂಯ್ ಅನ್ನೂದು ಹೆಚ್ಚಾಗಬೇಕು. ಹೆಚ್ಚಾತಂದ್ರ ಜೋಡಣಿ ಬರೋಬರಿ ಐತಿ ಅಂತ ನನಗ ಮ್ಯಾಲಿಂದನ ಕೇಳತದ."

ಆಂಟೆನಾ ಮುಟ್ಟುವಾಗ ರೇಡಿಯೋ ಆರಿಸಬೇಕು ಅನ್ನುವುದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ನಾವಿಬ್ಬರೂ ಅದನ್ನು ಸರಿಯಾಗಿ ಬರೆದು ಪಾಸಾದವರು. ಆದರೂ ನಾನು ಒಳಗೆ ಹೋಗಿ ರೇಡಿಯೋ ಚಾಲೂ ಮಾಡಿದೆ. ಅದು ಕಂಬದ ಬುಡದ ಕಿಟಕಿಯಲ್ಲೇ ಇರುತ್ತದೆ. ಪಕ್ಕದಲ್ಲಿ ಕೈಮೈಕು. ಮೈಕಿನ ಮಗ್ಗುಲಿಗೆ ಒಂದು ಗುಂಡಿ. ಅದನ್ನು ಒತ್ತಿ ಹಿಡಿದರೆ ನಾವು ಮಾತಾಡಬಹುದು, ಬಿಟ್ಟರೆ ಬೇರೆಯವರದು ಕೇಳಿಸುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಇದನ್ನು ನೆನಪಿಡಿ. ನಾನು ನೆನಪಿಡಲಿಲ್ಲ.

ಮಾಮಾ ಹತ್ತಿದ. ಒಂದೊಂದು ಮೆಟ್ಟಿಲಿಗೆ ನವಿಲು ಗರಿ ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು. ತುದಿಗೆ ಹೋಗಿ ಉಸಿರು ಬಿಗಿಹಿಡಿದು ಹೊಸ ಹಗ್ಗ ಪೋಣಿಸಿದ. ಕಡಜಗಳು ಸುಮ್ಮನಿದ್ದವು. ಬಹುಶಃ ಅವೂ ಇಂಥದ್ದನ್ನು ಮೊದಲ ಸಲ ನೋಡುತ್ತಿದ್ದವು. ಕೆಳಗೆ ನಾನು ಹಗ್ಗ ಎಳೆದೆ. ತೊಗರಿ ಗಿಡಗಳ ಮೇಲಿಂದ ತಂತಿ ಎದ್ದಿತು, ಏರಿತು, ಏರುತ್ತ ಏರುತ್ತ ಕಿಟಕಿಯಲ್ಲಿ ಸೊಂಯ್ ಶಬ್ದ ಉಬ್ಬಿತು. ಇದ್ದಕ್ಕಿದ್ದಂತೆ ಯಾರೋ ತಮಿಳಿನಲ್ಲಿ ನಕ್ಕರು, ಇನ್ನಾರೋ ಹಿಂದಿಯಲ್ಲಿ ಹವಾ ಹೇಗಿದೆ ಅಂತ ಕೇಳಿದರು.

"ಬಂತು!" ಅಂತ ಕಿರುಚಿದೆ. ಹಗ್ಗವನ್ನು ಬುಡಕ್ಕೆ ಬಿಗಿದು ಕಟ್ಟಿದೆ. ಆಗ ಗಂಟೆ ಎಂಟೂ ಮುಕ್ಕಾಲು. ಭಂಡಾರಕವಠೆಯವನೇ, ಉಣ್ಣು ಮಲಗು.

ಅಷ್ಟರಲ್ಲಿ ಕಿಟಕಿಯ ಗದ್ದಲ ಟಪ್ ಅಂತ ನಿಂತಿತು.

"ಯಾಕ ಬಂದ್ ಆತು?" ಮಾಮಾ ಮೇಲಿಂದ ಕೇಳಿದ.

"ಆಯಿ ಬಂದ್ ಮಾಡಿರಬೇಕು. ಇರಲಿ, ನೀ ಇಳಿ."

ಮಾಮಾ ಒಂದು ಮೆಟ್ಟಿಲು ಇಳಿದ. ನವಿಲು ಇಳಿಯಲಿಲ್ಲ. ಅದರ ಅಂಚು ಗಾಲಿಯ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಅವನು ಎಳೆದ. ನಮ್ಮ ಅಂಗಡಿಯ ಚಾದರ ಹರಿಯುವುದಿಲ್ಲ, ಅದು ಅಪ್ಪನ ಗ್ಯಾರಂಟಿ. ಇನ್ನೂ ಜೋರಾಗಿ ಎಳೆದ. ಕಂಬ ನಡುಗಿತು. ಗೂಡೂ ನಡುಗಿತು.

ಆಮೇಲೆ ನಡೆದದ್ದನ್ನು ನಿಧಾನವಾಗಿ ಹೇಳುತ್ತೇನೆ, ಅದು ಬಹಳ ಬೇಗ ನಡೆಯಿತು. ಮೊದಲು ಒಂದು ಕಡಜ ಹೆಲ್ಮೆಟ್ಟಿನ ಗಾಜಿನ ಮೇಲೆ ಕೂತು ಒಳಗೆ ಇಣುಕಿತು. ಮಾಮಾ ಸಣ್ಣ ದನಿಯಲ್ಲಿ "ಹೋಗ, ಹೋಗಪಾ" ಅಂದ. ಅದು ಹೋಯಿತು, ಉಳಿದವರನ್ನು ಕರೆದುಕೊಂಡು ಬಂತು.

"ಸತ್ತೆ! ಬಂದಾವ! ಎಲ್ಲಾ ಕಡಿಂದ ಬರಾಕತ್ತಾವ! ಯವ್ವಾ, ಹೆಲ್ಮೆಟ್ಟಿನಾಗ ಹೊಕ್ಕು ಕಣ್ಣಿಗೇ ಹೊಡೀತು!"

ಅದೇ ವೇಳೆಗೆ ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಾಮಾನ ರಿಂಗ್‌ಟೋನು ಆರತಿಯ ಗಂಟೆ, ಜಾಗಟೆ ಸಮೇತ. ಗೂಡಿನ ಮೇಲಂತಸ್ತಿನಲ್ಲಿ ಮಲಗಿದ್ದವೂ ಎದ್ದು ಬಂದವು. ಫೋನು ನಿಂತಿತು, ಮತ್ತೆ ಬಡಿದುಕೊಂಡಿತು. ಯಾರೋ ಪುಣ್ಯಾತ್ಮರು ಬಿಡದೆ ಹಚ್ಚುತ್ತಿದ್ದರು.

"ಮಾಮಾ, ಚಾದರ ಬಿಟ್ಟು ಇಳಿ!"

"ಸೊಂಟದ ಹಗ್ಗಾನೂ ಅದರಾಗ ಸಿಕ್ಕೈತಿ! ನನಗ ಕಣ್ಣು ಕಾಣವಲ್ದು!"

ನಾನು ಷರತ್ತನ್ನು ಮರೆತೆ ಅಂತ ಹೇಳಬಹುದು, ಆದರೆ ಅದು ಸುಳ್ಳು. ಚೆನ್ನಾಗಿ ನೆನಪಿತ್ತು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಕಿಟಕಿಯ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ: "ಆಯಿ! ನಾ ಕಂಬಾ ಹತ್ತಾಕತ್ತೀನಿ! ಅಪ್ಪಗ ಮಾತ್ರ ಹೇಳಬ್ಯಾಡ! ಗೊತ್ತಾದ್ರ ರೇಡಿಯೋ ಬಂದ್ ಮಾಡತಾರ!"

"ನಾ ಯಾಕ ಹೇಳಲಿ" ಅಂದಳು ಆಯಿ.

ಅವಳು ಹೇಳಲಿಲ್ಲ. ಎಮ್ಮೆಗೆ ಮಾತ್ರ ಹೇಳಿದಳು, ಕಿಟಕಿಯಲ್ಲಿ ಕುಳಿತು, ಒಂದೂ ಬಿಡದೆ. "ನೋಡ, ಹುಡುಗಿ ಹತ್ತಿದಳು ನೋಡ. ಅರ್ಧಕ್ಕ ಹೋದಳು. ಏ, ತುಟಿಗೆ ಕಡೀತು, ತುಟಿಗೆ. ಬಾಯಿ ತೆಗದ ಇಟಗೊಂಡಿದ್ರ ಮತ್ತೇನಾಗತದ? ಅವರಪ್ಪ ನೋಡಿದ್ರ ಏನಂತಾರ. ನಮ್ಮ ಅಳಿಯಂದ್ರು ಭಾಳ ಛಲೋ ಮನಷಾರು, ಖರೆ, ಆದ್ರ ಅವರು ನಕ್ಕಿದ್ದು ನಾ ನೋಡಿಲ್ಲ ನೋಡ. ಲಗ್ನದಾಗ ಫೋಟೋದಂವ ಅವರನ್ನ ನಗಸಾಕ ಅರ್ಧಾ ತಾಸು ಕುಣದ. ಕಡೀಕ ಅಂವಗ ಅಳು ಬಂತು."

ನಾನು ಮೇಲೆ ಹೋಗಿ ಮಾಮಾನ ಸೊಂಟದ ಹಗ್ಗ ಬಿಚ್ಚಿದೆ. ಕುತ್ತಿಗೆಗೊಂದು, ಮೊಣಕೈಗೊಂದು, ತುಟಿಗೊಂದು. ಒಟ್ಟು ನಲವತ್ತು. ಮಾಮಾ ನವಿಲನ್ನು ಅಲ್ಲೇ ಬಿಟ್ಟು ಒಂದು ಕಣ್ಣಿನಲ್ಲಿ ಮೆಟ್ಟಿಲು ಹುಡುಕುತ್ತ ಇಳಿದ, ನಾನು ಅವನ ಪಾದವನ್ನು ಒಂದೊಂದು ಮೆಟ್ಟಿಲಿಗೆ ಕೂಡಿಸುತ್ತ ಅವನ ಕೆಳಗೆ ಇಳಿದೆ. ನೆಲ ಸಿಕ್ಕ ಕೂಡಲೇ ಇಬ್ಬರೂ ಮನೆಯೊಳಗೆ ಓಡಿ ಬಾಗಿಲು ಹಾಕಿಕೊಂಡೆವು.

ಆಯಿ ಆಗಲೇ ಎಲೆಯಡಿಕೆ ಚಂಚಿಯಿಂದ ಸುಣ್ಣ ತೆಗೆದಿದ್ದಳು. ನನಗೆ ಮೂರು ಬೊಟ್ಟು. ಮಾಮಾನಿಗೆ ಎಷ್ಟು ಹಚ್ಚಿದಳೆಂದರೆ ಗೋಡೆಗೆ ಹೊಡೆದಷ್ಟು ಆಯಿತು. ಗಂಟೆ ಒಂಬತ್ತೂ ಇಪ್ಪತ್ತು. ತಂತಿ ಮೇಲಿದೆ, ನಾವು ಕೆಳಗಿದ್ದೇವೆ, ಅಪ್ಪ ನಲವತ್ತು ಕಿಲೋಮೀಟರು ದೂರದಲ್ಲಿ ಚಾದರ ಮಡಚುತ್ತಿದ್ದಾರೆ. ಇದಕ್ಕಿಂತ ಹೆಚ್ಚು ಏನು ಬೇಕು?

ರೇಡಿಯೋದ ಕಡೆ ತಿರುಗಿದೆ. ಅದು ಆರಿರಲಿಲ್ಲ. ದೀಪ ಉರಿಯುತ್ತಿತ್ತು, ಕೆಂಪಗೆ. ಮೈಕು ಮಗ್ಗುಲಾಗಿ ಮಲಗಿತ್ತು, ಅದರ ಗುಂಡಿಯ ಮೇಲೆ ಒಂದು ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಎರಡು ಕಿಲೋ ಶೇಂಗಾ ಚಟ್ನಿ.

"ಆಯಿ," ಅಂದೆ, "ಇದನ್ನ ಯಾರಿಟ್ರು?"

"ನಾನೇ ಇಟ್ಟೆ. ಹೊಯ್ಕೊಳ್ಳಾಕತ್ತಿತ್ತು. ಆ ಗುಂಡಿ ಒತ್ತಿದ್ರ ಅದರ ಬಾಯಿ ಮುಚ್ಚತದ. ನಿಮ್ಮ ಮಾಮಾ ಒತ್ತೂದು ನೋಡೇನಿ ನಾ. ನಾ ಏನು ದಡ್ಡಿ ಅಲ್ಲ."

ಅಲ್ಲ, ದಡ್ಡಿ ಅಲ್ಲ. ಅವಳು ಹೇಳಿದ್ದು ನೂರಕ್ಕೆ ನೂರು ಖರೆ. ಗುಂಡಿ ಒತ್ತಿದರೆ ರೇಡಿಯೋದ ಬಾಯಿ ಮುಚ್ಚುತ್ತದೆ. ನಮ್ಮ ಬಾಯಿ ತೆರೆಯುತ್ತದೆ, ಅಷ್ಟೇ.

ಡಬ್ಬಿ ಎತ್ತಿದೆ. ಒಂದು ಕ್ಷಣ ಬರೀ ಸೊಂಯ್. ಆಮೇಲೆ ಮಂಗಳವೇಢೆಯ ಮಾಸ್ತರರ ದನಿ, ಹಾಜರಿ ಕರೆಯುವ ಅದೇ ಗಂಭೀರ ದನಿ: "ಎಲ್ಲರೂ ಶಾಂತ ಇರ್ರಿ. ಯಾರೂ ಗುಂಡಿ ಒತ್ತಬ್ಯಾಡ್ರಿ. ಅಕ್ಕಲಕೋಟೆ, ನಿಮ್ಮ ಮೈಕು ಈಗ ಬಿಟ್ಟಂಗ ಕಾಣತದ. ಕಂಬದ ಮ್ಯಾಲಿನ ಹುಡುಗಿ ಇಳದಳೇನ್ರಿ? ಓವರ್."

ಯಾರಾದರೂ ಆಪತ್ತಿನಲ್ಲಿ ಕೂಗಿದರೆ ಉಳಿದ ಹ್ಯಾಮ್‌ಗಳೆಲ್ಲ ತಮ್ಮ ಮಾತು ನಿಲ್ಲಿಸಿ ಜಾಗ ಬಿಟ್ಟುಕೊಡಬೇಕು, ಕೇಳಬೇಕು, ಸುದ್ದಿ ತಲುಪಿಸಬೇಕು. ಅದು ನಮ್ಮವರ ಕಟ್ಟುನಿಟ್ಟಿನ ರೂಢಿ. ಹಾಗಾಗಿ ಅರ್ಧ ತಾಸು ಚೆನ್ನೈಯಿಂದ ನಾಗಪುರದವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ನಮ್ಮನ್ನು ಕೇಳಿದ್ದರು. ಕಿರುಚಾಟ ಕೇಳಿದ್ದರು, ಆರತಿಯ ಗಂಟೆ ಕೇಳಿದ್ದರು. ಆಯಿ ಎಮ್ಮೆಗೆ ಹೇಳಿದ್ದನ್ನೆಲ್ಲ ಕೇಳಿದ್ದರು, ಲಗ್ನದ ಫೋಟೋ ಸಮೇತ. ಕನ್ನಡ ಬಾರದವರಿಗೆ ಮಾಸ್ತರರು ನಡುನಡುವೆ ಫೋನಿನಲ್ಲಿ ಅರ್ಥ ಹೇಳಿದರಂತೆ.

ನಾನು ಮೈಕು ಹಿಡಿದೆ. "ಇಳದೇನ್ರಿ ಸರ್. ಎಲ್ಲಾರೂ ಆರಾಮ ಅದೀವಿ. ಓವರ್."

"ಭಾಳ ಛಲೋ ಆತು. ನಿಮ್ಮ ಮಾಮಾರಿಗೆ ಮೈಕು ತೆರದೈತಿ ಅಂತ ಹೇಳಾಕ ಎಷ್ಟು ಸಲ ಫೋನ್ ಹಚ್ಚಿದೆ, ಎತ್ತಲಿಲ್ಲ. ಕಡೀಕ ನಿಮ್ಮ ತಂದೆಯವರಿಗೆ ಹಚ್ಚಿದೆ. ಆಗಲೇ ಹೊಂಟಾರ. ಓವರ್."

ಮಾಮಾ ತನ್ನ ಜೇಬು ಮುಟ್ಟಿ ನೋಡಿಕೊಂಡ. ಆಮೇಲೆ ಬಹಳ ಮೆಲ್ಲಗೆ ಕುರ್ಚಿಯ ಮೇಲೆ ಕೂತ. "ಎಷ್ಟೊತ್ತಿಗೆ ಹೊಂಟಾರ ಕೇಳು" ಅಂದ.

ಒಂಬತ್ತೂ ಕಾಲಿಗೆ. ಅಪ್ಪ ಗಾಡಿ ಓಡಿಸುವ ಲೆಕ್ಕದಲ್ಲಿ ಹತ್ತೂ ಹತ್ತಕ್ಕೆ ಬಾಗಿಲಲ್ಲಿ ಇರುತ್ತಾರೆ. ಸಿಟ್ಟಿನಲ್ಲಿದ್ದರೆ ಹತ್ತಕ್ಕೇ.

"ಬಂದ್ ಮಾಡೋಣ" ಅಂದ ಮಾಮಾ. "ಎಲ್ಲಾ ತಗದಿಟ್ಟು, ಹಾಸಿಗಿ ಹಾಸಿಕೊಂಡು ಮಲಗಿಬಿಡೋಣ. ಜಡ್ಡಾಗಿ ಮಲಗಿದವರನ್ನ ಯಾರೂ ಬಯ್ಯಂಗಿಲ್ಲ."

"ಇಲ್ಲ. ಹೆಂಗಿದ್ರೂ ಇವತ್ತ ಎಲ್ಲಾ ಬಂದ್ ಆಗೂದೇ ಐತಿ. ಬಂದ್ ಆಗೂಕಿಂತ ಮೊದಲ ನೆಟ್ ಆಗಬೇಕು."

"ಮತ್ತ ಅದು?" ಅವನು ತೆರೆದಿದ್ದ ಒಂದು ಕಣ್ಣಿನಿಂದ ಕಿಟಕಿಯ ಹೊರಗೆ ತೋರಿಸಿದ. ಕಂಬದ ತುದಿಯಲ್ಲಿ ನೀಲಿ ನವಿಲು ಗಾಳಿಗೆ ಹಾರುತ್ತಿತ್ತು. ಅದು ಹೆದ್ದಾರಿಯಿಂದಲೂ ಕಾಣುತ್ತಿರಬೇಕು.

"ಇರಲಿ. ಝೆಂಡಾ ಅಂತ ಹೇಳೋಣ."

ಹತ್ತು ಗಂಟೆ ಶೂನ್ಯ ನಿಮಿಷಕ್ಕೆ ಗುಂಡಿ ಒತ್ತಿದೆ. ಆ ಹೊತ್ತಿಗೆ ತುಟಿ ಎಷ್ಟು ಊದಿತ್ತೆಂದರೆ ಪ, ಬ, ಮ ಮೂರೂ ಅಕ್ಷರ ಕೆಲಸ ಬಿಟ್ಟಿದ್ದವು. ಆದರೂ ವಾರವೆಲ್ಲ ಕನ್ನಡಿ ಮುಂದೆ ಕಲಿತ ಮಾತನ್ನು ಪೂರಾ ಹೇಳಿದೆ: ಇದು ರವಿವಾರದ ನೆಟ್, ಕಂಟ್ರೋಲ್ ಅಕ್ಕಲಕೋಟೆಯಿಂದ, ಹಾಜರಿ ಕೊಡಿ.

ಕೊಟ್ಟರು. ಸುರಿದುಬಿಟ್ಟರು. ಮಾಸ್ತರರ ಕಾಲದಲ್ಲಿ ಹತ್ತು ಹನ್ನೆರಡು ಜನ ಬರುತ್ತಿದ್ದ ನೆಟ್ಟಿಗೆ ಅಂದು ನೂರು ಜನ ಬಂದರು. ಮಾಮಾ ಮೂವತ್ತೊಂದು ಅಂತ ಬರೆದುಕೊಂಡಿದ್ದಾನೆ, ಅವನಿಗೆ ಒಂದೇ ಕಣ್ಣು ಕಾಣುತ್ತಿತ್ತು ಅನ್ನುವುದನ್ನು ಗಮನಿಸಿ. ಹವಾಮಾನ ಹೇಳುವ ಬದಲು ಒಬ್ಬೊಬ್ಬರೂ ಔಷಧಿ ಹೇಳಿದರು. ಕೊಲ್ಹಾಪುರದವರು ಉಳ್ಳಾಗಡ್ಡಿ ಉಜ್ಜು ಅಂದರು. ಚೆನ್ನೈಯವರು ಅರಿಶಿಣ ಅಂದರು. ನಾಗಪುರದ ಒಬ್ಬ ನಿವೃತ್ತ ಸಾಹೇಬರು, "ನೆಟ್ ಕಂಟ್ರೋಲ್, ಅಪ್ಪಣೆ ಇದ್ದರೆ ಅಜ್ಜಿಯವರಿಗೆ ಒಂದು ಪ್ರಶ್ನೆ: ಆ ಫೋಟೋದವನು ಆಮೇಲೆ ಏನಾದ?" ಅಂತ ಹಿಂದಿಯಲ್ಲಿ ಕೇಳಿದರು. ಅಪ್ಪಣೆ ಕೊಡಲಿಲ್ಲ. ಕಂಟ್ರೋಲ್ ಅಂದರೆ ಕಂಟ್ರೋಲ್.

ಹತ್ತೂ ಎಂಟಕ್ಕೆ ದೂರದಲ್ಲಿ ನಮ್ಮ ಗಾಡಿಯ ಹಾರ್ನು ಕೇಳಿಸಿತು. ನಮ್ಮ ಗಾಡಿಯ ಹಾರ್ನು ನೆಗಡಿಯಾದ ಬಾತುಕೋಳಿಯ ಹಾಗಿದೆ, ತಪ್ಪುವ ಮಾತಿಲ್ಲ. ಹಾಜರಿಯಲ್ಲಿ ಒಬ್ಬನೇ ಉಳಿದಿದ್ದ. ಅವನನ್ನು ನಾನು ಬೇಕಂತಲೇ ಕೊನೆಗೆ ಇಟ್ಟಿದ್ದೆ.

"ಭಂಡಾರಕವಠೆ, ಮಾತಾಡ್ರಿ. ಓವರ್."

ಸ್ವಲ್ಪ ಹೊತ್ತು ಸೊಂಯ್. ಹೊರಗೆ ಗಾಡಿ ನಿಂತಿತು. ಬಾಗಿಲು ಧಡ್ ಅಂದಿತು. ಮಾತಾಡೋ ಮಾರಾಯಾ!

"ನೆಟ್ ಕಂಟ್ರೋಲ್," ಅಂದ ಅವನು. ಅಕ್ಕಾರ ಅನ್ನಲಿಲ್ಲ. ಮೂವತ್ತೊಂದು ಜನರೆದುರು, ಅಲ್ಲ, ನೂರು ಜನರೆದುರು, ನೆಟ್ ಕಂಟ್ರೋಲ್ ಅಂದ. "ನಿಮ್ಮ ಸಿಗ್ನಲ್ ಭಾಳ ಛಲೋ ಬರಾಕತ್ತೇತ್ರಿ. ಆದ್ರ ಕಂಬದ ಮ್ಯಾಲಿದ್ದಾಗ ಇನ್ನೂ ಛಲೋ ಇತ್ತು. ಓವರ್."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆಗ ಅಪ್ಪ ಒಳಗೆ ಬಂದರು.

ಅವರ ಒಂದು ಕಾಲಲ್ಲಿ ಅವರದೇ ಚಪ್ಪಲಿ. ಇನ್ನೊಂದರಲ್ಲಿ ಯಾವುದೋ ಗಿರಾಕಿಯ ಬೂಟು. ಹೆಗಲ ಮೇಲೆ ಅರ್ಧ ಮಡಚಿದ ಟಾವೆಲ್ಲು. ಅಂಗಡಿಯ ಗಾದಿಯಿಂದ ಎದ್ದು ಸೀದಾ ಓಡಿಬಂದಿದ್ದರು. ಮೊದಲು ಮಾಮಾನನ್ನು ನೋಡಿದರು, ಸುಣ್ಣದೊಳಗಿನಿಂದ ಒಂದು ಕಣ್ಣು ಅವರಿಗೆ ನಮಸ್ಕಾರ ಮಾಡಿತು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದರು.

"ಅದು ನಮ್ಮ ನವಿಲಿನ ಚಾದರ ಅಲ್ಲ?"

"ಝೆಂಡಾ ಭಾವಾರ" ಅಂದ ಮಾಮಾ. ಆಮೇಲೆ ಅವರ ಮುಖ ನೋಡಿ, "ಹರೀಲಿಲ್ಲರಿ. ನೀವು ಹೇಳಿದ್ದು ಖರೆ. ಎಷ್ಟು ಜಗ್ಗಿದ್ರೂ ಹರೀಲಿಲ್ಲ."

ಅಪ್ಪ ನನ್ನ ಹತ್ತಿರ ಬಂದು ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿದರು. "ಎಷ್ಟು ಕಡದಾವ?"

"ನಲವತ್ತು."

ಬಟ್ಟೆಯ ಥಾನು ನೋಡುವ ಹಾಗೆ ತುಟಿ ನೋಡಿದರು, ಕುತ್ತಿಗೆ ನೋಡಿದರು, ತೋಳು ತಿರುಗಿಸಿ ಮೊಣಕೈ ನೋಡಿದರು. "ಮೂರು" ಅಂದರು. ಆಮೇಲೆ ಬಹಳ ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟರು.

"ಹತ್ತಬ್ಯಾಡ ಅಂದಿದ್ದೆ."

"ಹೌದ್ರಿ."

"ಹತ್ತಿದಿ."

"ಹೌದ್ರಿ."

"ನನಗ ಹೇಳಬ್ಯಾಡ ಅಂತ ಊರಿಗೆಲ್ಲಾ ಹೇಳಿದಿ."

ಅಷ್ಟರಲ್ಲಿ ರೇಡಿಯೋದಿಂದ ಮಾಸ್ತರರ ದನಿ ಬಂತು: "ನೆಟ್ ಕಂಟ್ರೋಲ್, ಅದೀರೇನ್ರಿ? ಎಲ್ಲಾರೂ ಕಾಯಾಕತ್ತಾರ. ಓವರ್."

ಅಪ್ಪ ಕೈ ಚಾಚಿದರು. ನಾನು ಮೈಕು ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದನ್ನ ಎಲ್ಲಿ ಒತ್ತಬೇಕು?"

"ಭಾವಾರ, ನಿಮಗ ಲೈಸೆನ್ಸ್..." ಅಂತ ಮಾಮಾ ಶುರು ಮಾಡಿದ, ಅವರು ತಿರುಗಿ ನೋಡಿದ ಕೂಡಲೇ ಮಾತು ನುಂಗಿದ.

"ಮಗ್ಗಲಿನ ಗುಂಡಿ ನೋಡ್ರಿ ಅಳಿಯಂದ್ರ" ಅಂದಳು ಆಯಿ. "ಅದನ್ನ ಒತ್ತಿದ್ರ ಅದರ ಬಾಯಿ ಮುಚ್ಚತದ."

ಅಪ್ಪ ಒತ್ತಿದರು. ಗಂಟಲು ಸರಿಮಾಡಿಕೊಂಡರು. "ನಮಸ್ಕಾರ್ರಿ. ಹುಡುಗಿ ಅಪ್ಪ ಮಾತಾಡಾಕತ್ತೀನಿ. ಮಾಸ್ತರ, ಫೋನ್ ಮಾಡಿದ್ದು ಭಾಳ ಉಪಕಾರ ಆತು. ಹುಡುಗಿ ಆರಾಮ ಅದಾಳ. ಮೂರೇ ಕಡದಾವ. ನೆಟ್ ಮುಗೀತು." ನನ್ನ ಕಡೆ ಒಮ್ಮೆ ನೋಡಿದರು. "ಸೆವೆಂಟಿ ಫೈವ್."

"ಸೆವೆಂಟಿ ಥ್ರೀ ಅಪ್ಪಾ" ಅಂತ ಮೆಲ್ಲಗೆ ಅಂದೆ. "ಎಪ್ಪತ್ತಮೂರು."

"ಗೊತ್ತೈತಿ" ಅಂದರು ಅವರು, ಗುಂಡಿ ಇನ್ನೂ ಒತ್ತಿಯೇ ಹಿಡಿದು. "ಎರಡು ನನ್ನ ಕಡಿಂದ ಹೆಚ್ಚಿಗಿ ಇರಲಿ."

ಅವರ ಬಾಯಿಯ ಒಂದು ಮೂಲೆ ಅಲುಗಿತು. ಆಯಿ ಅದನ್ನು ನೋಡಿ ಕುಟ್ಟುವುದನ್ನು ನಿಲ್ಲಿಸಿದಳು. ಅದು ನಗೆಯೋ ಏನೋ ನಾನು ಇನ್ನೊಮ್ಮೆ ನೋಡುವಷ್ಟರಲ್ಲಿ ಅಪ್ಪ ಬಗ್ಗಿ ಗೋಡೆಯ ಸ್ವಿಚ್ಚು ಆರಿಸಿದರು.